ಹರಳಿನ ಸುತ್ತಲಿನ ಗುಂಡುಗಳು

ಬನ್ನಿಕಟ್ಟಿಯ ಪೂಜ್ಯ ನೀಲಗಂಗಮ್ಮ ತಾಯಿಯವರು ಕೆರೆಯ ದಂಡೆಯ ಮೇಲಿನ ಒಂದಂಕಣದ ಮನೆಯಲ್ಲಿ ವಾಸವಾಗಿದ್ದರು. ಬೆಳಗಿನ ಪೂಜೆ ಮುಗಿದೊಡನೆ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯುವುದು ಅವರ ನಿತ್ಯಕ್ರಮ. ಊರವರು ತಂದುಕೊಟ್ಟ ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಜೋಡಿಸಿ ಹೊಲಿದು, ಚಳಿ ಬೀಳುವ ಮೊದಲು ಇಲ್ಲದವರಿಗೆ ಹಂಚಿಬಿಡುತ್ತಿದ್ದರು. ದರ್ಶನಕ್ಕೆ ಬಂದವರು ತಮ್ಮ ದುಃಖ ಹೇಳಿಕೊಳ್ಳುವರು. ತಾಯಿಯವರು ಸೂಜಿ ನಡೆಸುತ್ತಲೇ ಕೇಳುವರು. ದೊಡ್ಡ ಉಪದೇಶದ ಆಸೆಯಿಂದ ದೂರದಿಂದ ಬಂದವರ ಕೈಗೆ ಸೂಜಿ, ದಾರ ಕೊಟ್ಟು "ಪೋಣಿಸಿ ಕೊಡ್ರಿ, ನನಗ ಕಣ್ಣು ಮಂಜು" ಎನ್ನುತ್ತಿದ್ದರು. ಬೇಸರಪಟ್ಟು ಎದ್ದು ಹೋದವರೂ ಉಂಟು. ಅವರ ಪ್ರಾಪ್ತಿ ಅಷ್ಟೇ.

ಅದೇ ಊರಿನ ಪೇಟೆಯಲ್ಲಿ ಮಾನಪ್ಪ ಪತ್ತಾರನೆಂಬ ಅಕ್ಕಸಾಲಿಗನಿದ್ದ. ಕೈ ಬಂಗಾರದ್ದು, ಬಾಯಿ ಮಾತ್ರ ಅವನ ಅಗ್ಗಿಷ್ಟಿಕೆಯ ಹಾಗೆ ಸದಾ ನಿಗಿನಿಗಿ. ಗಿಡ್ಡ ಕೊರಳಿನವಳಿಗೆ ಎದೆಗಿಳಿಯುವ ಸರ, ದಪ್ಪ ಬೆರಳಿಗೆ ಉದ್ದ ಹರಳಿನ ಉಂಗುರ, ಉದ್ದ ಮುಖಕ್ಕೆ ಅಗಲವಾದ ಓಲೆ ಎಂದು ಯಾರಿಗೆ ಯಾವುದು ಒಪ್ಪುತ್ತದೆಂಬುದನ್ನು ಒಂದೇ ನೋಟಕ್ಕೆ ಹೇಳಬಲ್ಲವನಾಗಿದ್ದ. "ಒಡವಿ ತೂಕಕ್ಕ ಅಲ್ಲ, ನೋಟಕ್ಕ ಮಾಡಬೇಕು" ಎಂಬುದು ಅವನ ಮಾತು. ಗುರು, ಹರಕೆ, ಹಣೆಗಿಡುವ ಬೂದಿಯ ಅಂಗಾರ ಯಾವುದರಲ್ಲಿಯೂ ಅವನಿಗೆ ನಂಬಿಕೆಯಿರಲಿಲ್ಲ. ಕೌದಿ ಹೊಲಿಯುವ ಮುದುಕಿಯ ಕಾಲಿಗೆ ಊರೆಲ್ಲ ಬೀಳುತ್ತದೆಂದು ಅಂಗಡಿಯಲ್ಲಿ ಕುಳಿತು ನಗುತ್ತಿದ್ದ.

ಇಂಥವನಿಗೆ ಕಮಲಾಕ್ಷಿ ಎಂಬ ಒಬ್ಬಳೇ ಮಗಳು. ಅಂಬೆಗಾಲಿಡುವ ವಯಸ್ಸಿನಲ್ಲಿ ತಂದೆಯ ಮಗ್ಗುಲಲ್ಲಿ ಆಡುತ್ತಿದ್ದಾಗ, ಮಾನಪ್ಪ ಊದುಗೊಳವೆಯಿಂದ ಜೋರಾಗಿ ಊದಿದ ಉಸಿರಿಗೆ ಕೆಂಡದ ಚೂರೊಂದು ಸಿಡಿದು ಆಕೆಯ ಗಂಟಲ ಕುಳಿಯ ಹತ್ತಿರ ಬಿದ್ದಿತ್ತು. ಗಾಯ ಮಾಯ್ದು ಕಲೆ ಉಳಿಯಿತು. ಹುಡುಗಿ ಮದುವೆಗೆ ಬಂದಾಗ ಮಾನಪ್ಪ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದು ಕೊರಳಿಗೆ ಬಿಗಿದು ಕೂರುವ ಟೀಕಿಯೊಂದನ್ನು ಮಾಡಿದ. ಕತ್ತು ಹೊರಳಿಸಿದಾಗ ಕಲೆ ಇಣುಕುತ್ತದೆಂದು ಅದರ ಅಂಚಿನಗುಂಟ ಸಣ್ಣ ಬಂಗಾರದ ಗುಂಡುಗಳ ಸಾಲು ಸೇರಿಸಿದ. ಆಗಲೂ ತುಸು ಕಂಡಿತು, ಇನ್ನೊಂದು ಸಾಲು ಸೇರಿಸಿದ. ಮನೆಯ ಬಂಗಾರವೆಲ್ಲ ಆ ಕೊರಳಿಗೇ ಹೋಯಿತು. ಹುಡುಗಿಯ ಕಿವಿಯಲ್ಲಿ ಮಾತ್ರ ಒಡವೆಯ ಬದಲು ಬೇವಿನ ಕಡ್ಡಿ!

ಎರಡು ಮನೆತನದವರು ಹುಡುಗಿಯನ್ನು ನೋಡಿ ಹೋದರು. ಎರಡೂ ಸಲ ಬೀಗರ ಹೆಂಗಸರ ಕಣ್ಣು ನೆಟ್ಟಗೆ ಟೀಕಿಯ ಅಂಚಿಗೇ ನಟ್ಟಿತು. "ಅದೇನವಾ ಅದರ ಕೆಳಗ?" ಎಂದು ಕೇಳಿದರು, ತಿರುಗಿ ಸುದ್ದಿ ಕಳಿಸಲಿಲ್ಲ. ಕಮಲಾಕ್ಷಿ ನೀರಿಗೆ ಹೋಗುವುದನ್ನೂ ಬಿಟ್ಟಳು. ಮುಂದಿನ ಸೋಮವಾರ ಮೂರನೆಯ ಮನೆತನದವರು ಬರುವವರಿದ್ದರು. ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಕೂರುವುದಿಲ್ಲವೆಂದು ಆಕೆ ತಾಯಿ ಕಾಳವ್ವನಿಗೆ ಹೇಳಿಬಿಟ್ಟಿದ್ದಳು. ಆ ಹೆಂಗಸಿನ ಸಂಕಟ ಯಾರಿಗೆ ಬೇಕು! ಗಂಡನ ಬೆನ್ನು ಬಿದ್ದು, ನೀಲಗಂಗಮ್ಮ ತಾಯಿಯವರ ಅಂಗಾರವನ್ನಾದರೂ ಕಲೆಗೆ ಹಚ್ಚಿಸಿಕೊಂಡು ಬರೋಣವೆಂದು ಒಪ್ಪಿಸಿದಳು.

ಮಾನಪ್ಪ ಒಪ್ಪಿದ್ದು ಭಕ್ತಿಯಿಂದಲ್ಲ, ಮುದುಕಿಯ ಮಹಿಮೆಯನ್ನು ಒಂದು ಕೈ ನೋಡಿಬಿಡೋಣವೆಂದು. ಹೋಗುವಾಗ ತಾನೇ ಮಾಡಿದ ಉಂಗುರವೊಂದನ್ನು ಜೇಬಿನಲ್ಲಿಟ್ಟುಕೊಂಡ. ನಡುವೆ ಕೆಂಪು ಹರಳು, ಸುತ್ತ ಸಾಸಿವೆಗಿಂತ ಸಣ್ಣ ಗುಂಡುಗಳು. ಅದನ್ನು ಕಂಡವರೆಲ್ಲ ಹರಳನ್ನು ಇದ್ದದ್ದಕ್ಕಿಂತ ದೊಡ್ಡದೆಂದೇ ಹೇಳುತ್ತಿದ್ದರು.

ತಾಯಿಯವರ ಮುಂದೆ ಹೆಂಡತಿ, ಮಗಳು ನಮಸ್ಕರಿಸಿ ಕುಳಿತರು. ಮಾನಪ್ಪ ನಿಂತೇ ಇದ್ದ. ಉಂಗುರವನ್ನು ತೆಗೆದು ಕೌದಿಯ ಮೇಲಿಟ್ಟು, "ನೀವು ಎಲ್ಲಾ ಬಲ್ಲವರು ಅಂತಾರರಿ ಯವ್ವಾರ. ಈ ಹರಳು ಎಷ್ಟು ದೊಡ್ಡದೈತಿ, ಹೇಳ್ರಿ ನೋಡೂಣು" ಎಂದ. ಕಾಳವ್ವ ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡಳು.

ತಾಯಿಯವರು ಉಂಗುರವನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಸುತ್ತ ಈ ಗುಂಡು ಯಾಕ ಕೂಡಿಸೀಪಾ, ಪತ್ತಾರಪ್ಪಾ?" ಎಂದು ಕೇಳಿದರು.

ಕಸಬಿನ ಮಾತು ಬಂದರೆ ಮಾನಪ್ಪನ ನಾಲಿಗೆಗೆ ಕಡಿವಾಣವುಂಟೇ? "ಅದ ನೋಡ್ರಿ ಗುಟ್ಟು! ಕಣ್ಣಿಗೆ ತನ್ನದಂತ ಅಳತಿ ಇಲ್ಲರಿ, ಬಾಜೂಕ ಇದ್ದದ್ದರ ಜೋಡಿ ಹೋಲಿಸಿ ನೋಡತೈತಿ. ಸಣ್ಣ ಹರಳಿನ ಸುತ್ತ ಅದಕ್ಕಿಂತ ಸಣ್ಣವು ಕೂಡಿಸಿದ್ರ, ಹರಳು ದೊಡ್ಡದಾಗಿ ಕಾಣತೈತಿ. ಮ್ಯಾಲ ಗುಂಡು ಹೊಳೀತಾವಲ್ಲ, ಎಲ್ಲಿ ನಿಂತ್ರೂ ನೋಟ ಅಲ್ಲೇ ಬಂದು ಬೀಳತೈತಿ."

"ಬ್ಯಾಡಾದದ್ದು ಕಾಣಬಾರದು ಅಂದ್ರ?"

"ಅದರ ತಂಟೆಕ್ಕ ಹೋಗಬಾರದ್ರಿ. ನೋಟಾನ ಬ್ಯಾರೆ ಕಡೆ ಕರಕೊಂಡು ಹೋಗಬೇಕು" ಎಂದು ಮಾನಪ್ಪ ನಕ್ಕ.

ತಾಯಿಯವರು ತುಂಡುಗಳ ರಾಶಿಯಿಂದ ತೂತು ಬಿದ್ದ ಹಳೆಯ ಕುಪ್ಪಸದ ಚೂರೊಂದನ್ನು ಆರಿಸಿದರು. ಗುಂಡುಗಳೆಲ್ಲ ಮುಚ್ಚಿ, ಹರಳು ಮಾತ್ರ ತೂತಿನಿಂದ ಕಾಣುವ ಹಾಗೆ ಅದನ್ನು ಉಂಗುರದ ಮೇಲೆ ಬಿಗಿಯಾಗಿ ಹಿಡಿದರು. ಎಲ್ಲರೂ ಬಗ್ಗಿ ನೋಡಿದರು. ಹರಳು ಒಂದು ಜೋಳದ ಕಾಳಿನಷ್ಟೂ ಇರಲಿಲ್ಲ.

"ಇಷ್ಟ ಐತಿ" ಎಂದರು ತಾಯಿಯವರು. ಉಂಗುರವನ್ನು ಅವನ ಕೈಗಿತ್ತು, ಕಮಲಾಕ್ಷಿಯ ಕಡೆ ತಿರುಗಿ ಟೀಕಿಯ ಅಂಚಿನ ಗುಂಡುಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಮಗಳ ಕೊರಳಾಗೂ ಇದನ್ನ ಮಾಡೀಯಲ್ಲಪ್ಪಾ."

ಮಾನಪ್ಪನ ಮುಖದ ನಗು ಇಳಿದುಹೋಯಿತು. ಊರಿಗೆಲ್ಲ ನೋಟದ ಗುಟ್ಟು ಹೇಳುವವನು ಮಗಳ ಕಲೆಯನ್ನು ಮುಚ್ಚಲು ಹೋಗಿ ಅದಕ್ಕೆ ಗುಂಡುಗಳ ಕಟ್ಟು ಕಟ್ಟಿ ಕೂರಿಸಿದ್ದ. ಬೇರೆ ಯಾರ ಮಗಳಾಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ.

"ಬಿಚ್ಚು. ಬಿಚ್ಚಿ ಆಕೀನ ನೋಡು" ಎಂದರು ತಾಯಿಯವರು.

ಮಾನಪ್ಪ ಮಗಳ ಹಿಂದೆ ಕುಳಿತು ದಾರದ ಗಂಟು ಬಿಚ್ಚಿದ. ಟೀಕಿ ಕೆಳಗಿಳಿಯಿತು. ಕೆಂಡ ಸಿಡಿದ ದಿನದಿಂದ ಈವರೆಗೆ ಮಾನಪ್ಪ ಆ ಕಲೆಯನ್ನು ನೆಟ್ಟ ಕಣ್ಣಿನಿಂದ ನೋಡಿರಲಿಲ್ಲ. ನೆನಪಿನಲ್ಲಿಯೇ ಅಳೆದು ಟೀಕಿ ಮಾಡಿದ್ದ. ಆ ನೆನಪಿನಲ್ಲಿ ಅದು ಅಂಗೈಯಗಲವಿತ್ತು. ಈಗ ಎದುರಿಗೆ ಬಂದು ನೋಡಿದರೆ ಒಂದು ಹುಣಸೆಬೀಜದಷ್ಟು ಮಾಸಲು ಗುರುತು.

"ಇಷ್ಟ ಐತೇನವಾ?" ಎಂದು ಕೇಳಿ, ಮಗಳ ಕೈ ಹಿಡಿದುಕೊಂಡು ಅತ್ತುಬಿಟ್ಟ. "ನಾನ ಊದಿದ್ದೆವಾ. ನನ್ನ ಉಸಿರಿಗೆ ಸಿಡಿದಿತ್ತು."

"ಗೊತ್ತೈತಪ್ಪಾ" ಎಂದಳು ಕಮಲಾಕ್ಷಿ. "ನಾ ಎಂದರ ಏನರ ಅಂದೀನೇನು?"

ತಾಯಿಯವರು ಆಗಲೇ ಸೂಜಿ ಕೈಗೆತ್ತಿಕೊಂಡಿದ್ದರು. "ನಿನಗೇನು ಬೇಕವಾ, ಅದನ್ನ ಯಾರರ ಕೇಳ್ಯಾರೇನು?" ಎಂದರು.

ಹುಡುಗಿ ತಲೆ ತಗ್ಗಿಸಿ, ಬೇವಿನ ಕಡ್ಡಿ ಮುಟ್ಟಿಕೊಂಡು, "ಕಿವಿಗೆ ಬುಗುಡಿ ಬೇಕಾಗಿತ್ರಿ" ಎಂದಳು.

ಮಾನಪ್ಪ ಅಂದೇ ಟೀಕಿಯನ್ನು ಕರಗಿಸಿದ. ಸೋಮವಾರ ಬೀಗರು ಬಂದಾಗ ಕಮಲಾಕ್ಷಿ ಬರಿಗೊರಳಿನಲ್ಲಿ, ಕಿವಿಯ ಮೇಲೆ ಮುತ್ತಿನ ಬುಗುಡಿ ಇಟ್ಟುಕೊಂಡು ಬಂದು ಕುಳಿತಳು. ಬಂದವರ ನೋಟ ಬುಗುಡಿಗೆ ಹೋಯಿತು, ಅಲ್ಲಿಂದ ಆಕೆಯ ಕಣ್ಣಿಗೆ. ಹುಡುಗನ ಅಜ್ಜಿ, "ಭಾಳ ಚಂದ ಒಪ್ಯಾವ. ಯಾರು ಮಾಡ್ಯಾರವಾ?" ಎಂದು ಕೇಳಿದಳು.

"ನಮ್ಮಪ್ಪರಿ" ಎಂದು ಹೇಳಿ ಕಮಲಾಕ್ಷಿ ತಾನೇ ಗಂಟಲ ಹತ್ತಿರ ಬೆರಳಿಟ್ಟು, "ಇದೂ ನಮ್ಮಪ್ಪನ ಅಂಗಡೀದ ರೀ. ಸಣ್ಣಾಕಿದ್ದಾಗ ಕೆಂಡ ಸಿಡಿದಿತ್ತು" ಎಂದಳು.

ಅಜ್ಜಿ ತನ್ನ ಮುಂಗೈ ಚಾಚಿ, ರೊಟ್ಟಿ ಹಂಚಿನ ಸುಟ್ಟ ಗುರುತು ತೋರಿಸಿ ನಕ್ಕಳು. ಮದುವೆಯ ಮಾತು ಗಟ್ಟಿಯಾಯಿತು, ಸಕ್ಕರೆ ಹಂಚಿದರು.

ಅಕ್ಕಸಾಲಿಗರು ಅಮಾವಾಸ್ಯೆಯ ದಿನ ಅಗ್ಗಿಷ್ಟಿಕೆ ಹೊತ್ತಿಸುವುದಿಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆ ಮಾನಪ್ಪ ತಾಯಿಯವರ ಪಡಸಾಲೆಯಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಅಂಗಡಿಗೆ ಬಂದವರನ್ನು ಮೊದಲು ಮೈಮೇಲಿನ ಒಡವೆಯೆಲ್ಲ ತೆಗೆದಿಡಿಸಿ, ಎದುರಿಗೆ ಕೂರಿಸಿಕೊಂಡು ಸುಮ್ಮನೆ ನೋಡಿದ ಮೇಲೆಯೇ ಬಂಗಾರ ಮುಟ್ಟುತ್ತಿದ್ದ. ಹಳೆಯ ಗೆಳೆಯರು, "ಏನಪಾ ಮಾನಪ್ಪ, ಆ ಮುದುಕಿ ನಿನಗ ಯಾವ ಮಂತ್ರ ಕೊಟ್ಟಳು?" ಎಂದು ಚೇಷ್ಟೆ ಮಾಡಿದರೆ ಸಿಟ್ಟಾಗುತ್ತಿರಲಿಲ್ಲ.

"ಮಗಳ್ನ ನೋಡು ಅಂದ್ರು" ಎನ್ನುತ್ತಿದ್ದ. "ನೋಡಿದೆ."