ದೊಡ್ಡ ಬ್ರೇಕಿನ ಕುಂಕುಮ

ರುದ್ರೇಶಪ್ಪ ಗುಜರಿಯಿಂದ ದೊಡ್ಡ ಕಾರೊಂದರ ಬ್ರೇಕು ತಂದು, ಮನೆಯಂಗಳದಲ್ಲೇ ತನ್ನ ಹಳೇ ಕಾರಿಗೆ ಜೋಡಿಸಿದ. ಬ್ರೇಕಿಗೆ ಕುಂಕುಮ ಹಚ್ಚಿದ, ಸವೆದು ಬೋಳಾದ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟ.

"ಇನ್ನು ಈ ಕಾರು ನಿಲ್ಲುವುದು ನನ್ನ ಮಾತಿಗೆ," ಎಂದು ಬ್ರೇಕು ಬೀಗಿತು.

"ಸ್ವಾಮಿ, ತಾವು ಹಿಡಿಯುವುದು ಚಕ್ರವನ್ನು. ರಸ್ತೆಯನ್ನು ಹಿಡಿಯಬೇಕಾದವನು ನಾನು. ನಾನೋ ನುಣ್ಣಗಾಗಿದ್ದೇನೆ," ಎಂದಿತು ಟೈರು.

"ಬೋಳುತಲೆಯವರ ಬುದ್ಧಿವಾದ ಯಾರಿಗೆ ಬೇಕು?" ಎಂದಿತು ಬ್ರೇಕು.

ನಿಂಬೆಹಣ್ಣು ಪಚಕ್ಕೆಂದಿತು, ಕಾರು ಹೊರಟಿತು. ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಗಕ್ಕನೆ ಹಿಡಿಯಿತು. ಚಕ್ರ ತಿರುಗುವುದನ್ನು ಬಿಟ್ಟಿತು. ಕಾರು ಮಾತ್ರ ಎಮ್ಮೆಯ ಪಕ್ಕದಿಂದ ಜಾರುತ್ತಾ ಹೋಗಿ ತಿಪ್ಪೆಗೆ ನುಗ್ಗಿತು.

"ನೋಡಿದೆಯಾ, ನಿಲ್ಲಿಸಿಬಿಟ್ಟೆ!" ಎಂದಿತು ಬ್ರೇಕು.

"ನಿಲ್ಲಿಸಿದ್ದು ತಿಪ್ಪೆ, ಸ್ವಾಮಿ," ಎಂದಿತು ಟೈರು. "ಮುಂದಿನ ಸಲ ಕುಂಕುಮ ಅದಕ್ಕೇ ಹಚ್ಚಲಿ."