ನಡುಹೊಳೆಯಲ್ಲಿ ಹೇಳಿದ ಮಾತು

ಆಶ್ರಮ ಯಾವ ಹೊಳೆಯ ದಂಡೆಯಲ್ಲಿತ್ತು ಅಂತ ಕೇಳಬೇಡಿ. ಕೇಳಿದವರಿಗೆಲ್ಲ ಬೇರೆ ಬೇರೆ ಹೆಸರು ಹೇಳಿಬಿಟ್ಟಿದ್ದೇನೆ.

ಅಲ್ಲಿ ನಿಂಗಯ್ಯ ಎಂಬ ಶಿಷ್ಯನಿದ್ದ. ಆಗಾಗ ಅವನ ಮನಸ್ಸು ಕುಸಿದುಬೀಳುತ್ತಿತ್ತು. ಆಗ ಏಳಲಾರ, ಉಣ್ಣಲಾರ, ಒಂದು ಮಾತಾಡಲಾರ. ಪೇಟೆಯ ಡಾಕ್ಟರು ಇದು ಮನಸ್ಸಿನ ಕಾಯಿಲೆ ಎಂದು ಮಾತ್ರೆ ಕೊಟ್ಟಿದ್ದರು. ಅವನ್ನು ವಿಭೂತಿ ಚೀಲದಲ್ಲಿ ಬಚ್ಚಿಟ್ಟುಕೊಂಡಿದ್ದ.

ಗೆಳೆಯರು ಕೇಳಿದರೆ ‘ಮೌನವ್ರತ’ ಎಂದು ಸನ್ನೆ ಮಾಡುತ್ತಿದ್ದ.

ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಕಾಲಿಗೂ ಬೀಳತೊಡಗಿದರು. ಜೀವದ ಗೆಳೆಯ ಸಿದ್ರಾಮನಂತೂ ಈ ಸಲ ತಾನೂ ಅನ್ನ ಬಿಟ್ಟು, ಬಾಯಿ ಮುಚ್ಚಿಕೊಂಡು, ಅವನ ಬಾಗಿಲಲ್ಲೇ ಕೂತುಬಿಟ್ಟ. ಸಿದ್ರಾಮ ಊಟ ಬಿಡುವುದೆಂದರೆ ಹೊಳೆ ಹಿಂದಕ್ಕೆ ಹರಿದ ಹಾಗೆ.

ತುಸು ಚೇತರಿಸಿಕೊಂಡದ್ದೇ ನಿಂಗಯ್ಯ ಗುರುಗಳ ಬಳಿ ಹೋದ. ಎಲ್ಲರೂ ಅಜ್ಜಾವರು ಎಂದು ಕರೆಯುತ್ತಿದ್ದ ಅವರೊಬ್ಬರಿಗೇ ಅವನ ಕಾಯಿಲೆ ಗೊತ್ತು.

“ಅಜ್ಜಾವರೇ, ಗೆಳೆಯರಿಗೆ ನಿಜ ಹೇಳಿಬಿಡಲೇ?”

“ಹೇಳಿದರೆ ಏನಾದೀತು?”

“ಹುಚ್ಚ ಅಂತ ದೂರ ಸರಿದಾರು.”

“ಹೇಳದಿದ್ದರೆ?”

“ಸಿದ್ರಾಮ ಉಪವಾಸ ಸತ್ತಾನು.”

ಅಜ್ಜಾವರು ನಕ್ಕರು. “ನಡಿ, ಭಿಕ್ಷೆಗೆ ಹೊತ್ತಾಯಿತು.”

ಭಿಕ್ಷೆಗೆ ಹೊಳೆ ದಾಟಬೇಕು. ದೋಣಿಯಿಲ್ಲ. ಎಲ್ಲರೂ ಸಾಲಾಗಿ ಕೈಕೈ ಹಿಡಿದು ಸೊಂಟಮಟ್ಟದ ನೀರು ಹಾಯುವುದು ಅಲ್ಲಿನ ಪದ್ಧತಿ. ಯಾವಾಗಲೂ ಸಾಲಿನ ಬಾಲದಲ್ಲಿರುತ್ತಿದ್ದ ನಿಂಗಯ್ಯನನ್ನು ಅಂದು ಅಜ್ಜಾವರು ಪಕ್ಕಕ್ಕೆ ಕರೆದರು. ಒಂದು ಕೈ ಅವನಿಗೆ ಕೊಟ್ಟರು, ಇನ್ನೊಂದು ಸಿದ್ರಾಮನಿಗೆ.

“ನನ್ನ ಎಡಗಾಲು ಜೋಮು ಹಿಡಿದು ವರ್ಷಗಳಾದವು,” ಎಂದರು ಮೆಲ್ಲಗೆ. “ನೆಲ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ. ಬಿಗಿ ಹಿಡೀರಿ.”

ನಿಂಗಯ್ಯ ಬೆರಗಾದ. ಈ ಮುದುಕರು ಹೊಳೆಯನ್ನು ಅಂಗಳದಂತೆ ದಾಟುವುದನ್ನು ಕಂಡೇ ಅವನು ಶಿಷ್ಯನಾದದ್ದು.

ನಡುಹೊಳೆಯಲ್ಲಿ ಕಾಲು ಜಾರಿಯೇ ಜಾರಿತು. ಇಬ್ಬರೂ ಎತ್ತಿ ಹಿಡಿದರು. ಸಾಲು ಕಡಿಯಲಿಲ್ಲ.

ಆಚೆ ದಡದಲ್ಲಿ, ಜಾರಿದ್ದು ಕಾಣದೆ ಹಿಂದಿನಿಂದ ಬಂದವರು, “ಈ ವಯಸ್ಸಿನಲ್ಲೂ ಅಜ್ಜಾವರ ಕಾಲು ಕಬ್ಬಿಣ ಬಿಡಿ” ಎಂದರು. ಅಜ್ಜಾವರು ಅದನ್ನೂ ಖುಷಿಯಿಂದ ಕೇಳಿಸಿಕೊಂಡರು.

ಮರಳುವಾಗ ನಿಂಗಯ್ಯ ಹೋಗಿ ಸಿದ್ರಾಮನ ಕೈ ಹಿಡಿದ. ನೀರಿನ ನಡುವೆ ಎಲ್ಲ ಹೇಳಿಬಿಟ್ಟ. ಕಾಯಿಲೆ, ಮಾತ್ರೆ, ಸುಳ್ಳು ವ್ರತ.

ಸಿದ್ರಾಮ ನಿಂತುಬಿಟ್ಟ. ಇನ್ನೇನು ಕೈ ಬಿಟ್ಟ ಅಂದುಕೊಂಡ ನಿಂಗಯ್ಯ.

“ಅಂದರೆ ನಾನು ಊಟ ಬಿಟ್ಟದ್ದು ದಂಡ?”

“ಹೂಂ.”

“ಪಾಪಿ. ಅದರಲ್ಲೊಂದು ಹೋಳಿಗೆ ಊಟವಿತ್ತಲ್ಲೋ.” ಹಿಡಿತ ಮಾತ್ರ ಇನ್ನಷ್ಟು ಬಿಗಿಯಾಯಿತು. “ಮತ್ತೆ ಹಾಗಾದಾಗ ಹೇಳು. ಬಾಗಿಲಲ್ಲೇ ಕೂತಿರ್ತೀನಿ. ಉಂಡು ಕೂತಿರ್ತೀನಿ.”

ದಡ ಹತ್ತಿದ ನಿಂಗಯ್ಯನಿಗೆ ಮೈಯೆಲ್ಲ ಹಗುರ. ಅಜ್ಜಾವರು ಒದ್ದೆ ಧೋತರದ ಅಂಚು ಹಿಂಡುತ್ತಿದ್ದರು.

“ಅಜ್ಜಾವರೇ, ಇನ್ನು ಉಳಿದವರಿಗೆಲ್ಲ ಹೇಳಿಬಿಡಲೇ?”

“ನಿನಗೆ ಕೈ ಎಷ್ಟಪ್ಪ?”