ದೊರೆಯ ಕಾರಿನ ಕೆಂಪು ದೀಪ

"ಕೇಳ್ರಪ್ಪೋ ಕೇಳ್ರಿ! ದೊರೆಯ ಕಾರು ನಿಂತುಹೋಗಿದೆ, ಕೆಂಪು ದೀಪ ಆರುತ್ತಿಲ್ಲ. ದೊರೆಯ ಮೂರು ಒಗಟು ಬಿಡಿಸಿ ಕಾರು ಓಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದರೆ ತಲೆದಂಡ!"

ಊರಲ್ಲೆಲ್ಲ ಡಂಗುರ ಸಾರಿತು. ಅರ್ಧ ರಾಜ್ಯ ಅಂದರೆ ಯಾರ ಬಾಯಲ್ಲಿ ನೀರೂರದು? ಬಂದವರೆಲ್ಲ ಮಹಾ ಬುದ್ಧಿವಂತರೇ! ಕಾರಿಗೆ ಕಂಪ್ಯೂಟರ್ ಸಿಕ್ಕಿಸಿದರು, ಅದು ದೋಷದ ಕೋಡು ತೋರಿಸಿ, ಎಂಜಿನ್ನಿಗೆ ಕಾವಲಿರುವ ಒಂದು ಸೆನ್ಸರಿನ ಹೆಸರು ಹೇಳಿತು. ಹೊಸ ಸೆನ್ಸರ್ ಹಾಕಿದರು, ದೀಪ ಆರಲಿಲ್ಲ, ತಲೆ ಉರುಳಿತು. ಒಬ್ಬನ ಹಿಂದೊಬ್ಬನಿಗೆ ಅದೇ ಗತಿ.

ವೈರಿಂಗ್ ಕೆಲಸದ ಕೆಂಚ ಹೊರಟಾಗ, ಅರಮನೆಯ ಕಾರು ನೋಡಿಕೊಳ್ಳುತ್ತಿದ್ದ ಅಣ್ಣ ಬೈರ ಅವನ ಕೈಗೊಂದು ಸೆನ್ಸರ್ ಇಟ್ಟ. "ಅವರೆಲ್ಲ ನಕಲಿ ಹಾಕಿ ಸತ್ತರು ಕಣೋ ತಮ್ಮಾ. ಇದು ಅಸಲಿ. ತಪ್ಪು ಯಾರದು ಅಂತ ದೊರೆ ಕೇಳಿದರೆ ಸೆನ್ಸರ್ ಅಂತಲೇ ಹೇಳು." ಅಣ್ಣ ಹೇಳಿದ ಮೇಲೆ ಮುಗಿಯಿತು ಅಂದುಕೊಂಡ ಕೆಂಚ.

ಕಾರಿನ ಮುಂದೆ ದೊರೆ ಕೇಳಿದ, "ಅಳಿಸಿದರೆ ಅಳಿಯುತ್ತದೆ, ಕಾರಿನ ಕೀಲಿ ತಿರುಗಿಸಿದರೆ ಮತ್ತೆ ಹುಟ್ಟುತ್ತದೆ. ಏನದು?"

"ಕೋಡು, ಮಹಾಸ್ವಾಮಿ. ಅಳಿಸಿದರೆ ದೂರು ಹೋಗುತ್ತದೆ, ರೋಗ ಹೋಗುವುದಿಲ್ಲ."

"ಕಾವಲುಗಾರ ಕೂಗುತ್ತಾನೆ. ಅವನನ್ನು ತೆಗೆದು ಹೊಸಬನನ್ನಿಟ್ಟರೂ ಅದೇ ಕೂಗು. ತಪ್ಪು ಯಾರದು?"

'ಸೆನ್ಸರ್' ಅನ್ನಲು ಬಾಯಿ ತೆರೆದವನು ತಡೆದುಕೊಂಡ. ನೋಡದೆ ಹೇಳಿ ಅವನಿಗೆ ರೂಢಿಯಿಲ್ಲ. ಸೆನ್ಸರಿನ ವೈರಿನ ಎರಡೂ ತುದಿಗೆ ಕರೆಂಟ್ ಹರಿಯುತ್ತದೆಯೇ ನೋಡುವ ಮೀಟರ್ ಹಿಡಿದ, ಮುಳ್ಳು ಮಿಸುಕಲಿಲ್ಲ. "ತಪ್ಪು ಕಾವಲುಗಾರನದಲ್ಲ ಸ್ವಾಮಿ, ಅವನ ಮಾತು ಬರುವ ದಾರಿಯದು. ವೈರು ನಡುವೆ ತುಂಡಾಗಿದೆ."

ಹುಡುಕಿದಾಗ ಟೇಪಿನಡಿ ಚಾಕುವಿನಿಂದ ಕಡಿದ ಗಾಯ ಸಿಕ್ಕಿತು. ಟೇಪು ಎಡಕ್ಕೆ ಸುತ್ತಿತ್ತು. ಊರಿನವರೆಲ್ಲ ಬಲಕ್ಕೆ ಸುತ್ತಿದರೆ ಎಡಕ್ಕೆ ಸುತ್ತುವವನು ಎಡಚ ಬೈರ ಒಬ್ಬನೇ. ಗೊತ್ತಿದ್ದೂ ಗೊತ್ತಿದ್ದೂ ತಮ್ಮನನ್ನೇ ಸಾಯಲು ಕಳಿಸಿದನಲ್ಲ! ಕೆಂಚ ಕಡಿದ ವೈರು ಜೋಡಿಸಿದ. ದೀಪ ಆರಿತು, ಕಾರು ಚಾಲೂ ಆಯಿತು.

"ಮೂರನೆಯದು," ಅಂದ ದೊರೆ. "ಕಡಿದವನು ಯಾರು?"

ಕೆಂಚ ಟೇಪಿನ ಸುರುಳಿ ಕೈಗೆತ್ತಿಕೊಂಡ. ಅಷ್ಟರಲ್ಲಿ ಕಾರಿನ ಪಕ್ಕ ನಿಂತಿದ್ದ ಬೈರನೇ ಮುನ್ನುಗ್ಗಿದ, "ಇವನೇ ಸ್ವಾಮಿ! ಇಲ್ಲದಿದ್ದರೆ ಇಷ್ಟು ಬೇಗ ಹೇಗೆ ಸಿಕ್ಕಿತು?"

ಅಯ್ಯೋ, ಒಡಹುಟ್ಟಿದವನ ಬಾಯಲ್ಲಿ ಎಂಥ ಮಾತು! ಕೆಂಚ ಟೇಪಿನ ಸುರುಳಿ ಚಾಚಿದ. "ಸುತ್ತಿ ತೋರಿಸಣ್ಣಾ."

"ಸುತ್ತು," ಅಂದ ದೊರೆ.

ಬೈರನ ಕೈ ತಾನಾಗಿ ಎಡಕ್ಕೇ ಹೋಯಿತು. ಬಣ್ಣ ಬಯಲಾಗಿ ದೊರೆಯ ಕಾಲಿಗೆ ಬಿದ್ದ, "ಎಲ್ಲರೂ ಸೋತ ಮೇಲೆ ಕೊನೆಗೆ ನಾನೇ ಸರಿಮಾಡಿ ಬಹುಮಾನ ಹೊಡೆಯೋಣ ಅಂತಿದ್ದೆ. ಇವನು ಕಂಡುಹಿಡಿದುಬಿಡುತ್ತಾನೆ ಅಂತ ಸುಳ್ಳು ಹೇಳಿಕೊಟ್ಟೆ."

ಕತ್ತಿ ಮೇಲೆದ್ದಿತು. ಕೆಂಚ ಅಡ್ಡ ನಿಂತ. "ಅರ್ಧ ರಾಜ್ಯ ಬೇಡ ಸ್ವಾಮಿ. ಅದರ ಬದಲು ಇವನ ಪ್ರಾಣ ಕೊಡಿ."

"ಕೊಟ್ಟೆ. ಕ್ಷಮಿಸಿಬಿಟ್ಟೆಯೇನೋ?"

"ಇಲ್ಲ. ನನಗೆ ಏನು ಹೇಳಿಕೊಟ್ಟು ಕಳಿಸಿದ ಅಂತ ಇವನೇ ನಮ್ಮವ್ವನ ಮುಂದೆ ನಿಂತು ಹೇಳಬೇಕು."

ಬೈರ ದೊರೆಯ ಪಾದ ಹಿಡಿದುಕೊಂಡ. "ಕೊಂದೇಬಿಡಿ ಸ್ವಾಮಿ," ಅಂದ.